ಎರಡು ಮಾರ್ಕಿನ ದುರ್ಬೀನು

ನಾನು ಬಿ.ಎ., ಬಿ.ಎಡ್. ಮಾಡಿ ಕನ್ನಡವನ್ನೂ ಸಮಾಜವನ್ನೂ ಕಲಿಸಲೆಂದು ಶಾಲೆಗೆ ಬಂದವಳು. ವಿಜ್ಞಾನದ ಮಾಸ್ತರರು ವರ್ಗವಾಗಿ ಹೋದಾಗ, ಹೊಸಬರು ಬರುವ ತನಕ ಎಂದು ಹೇಳಿ ಅವರ ತಾಸುಗಳನ್ನು ನನಗೆ ಹಚ್ಚಿದರು. ಹೊಸಬರು ಬರಲು ಮೂರು ವರ್ಷ ಹಿಡಿಯಿತು. ಆ ಮೂರು ವರ್ಷದಲ್ಲಿ ನಾನು ಮಕ್ಕಳಿಗೆ ಬರೆಸಿದ ಉತ್ತರಗಳಲ್ಲಿ ಒಂದು ಹೀಗಿತ್ತು: "ದೂರದ ವಸ್ತುಗಳನ್ನು ಹತ್ತಿರಕ್ಕೆ ತಂದು ತೋರಿಸುವ ಉಪಕರಣಕ್ಕೆ ದೂರದರ್ಶಕ ಎನ್ನುವರು." ಎರಡು ಮಾರ್ಕಿನ ಪ್ರಶ್ನೆ. ಬಾಯಿಪಾಠ ಮಾಡಿದವರಿಗೆಲ್ಲ ಎರಡೂ ಮಾರ್ಕು ಕೊಟ್ಟೆ.

ದೊಡ್ಡವರು ಕಾವ್ಯ, ಕಾದಂಬರಿಗಳ ವಿಮರ್ಶೆ ಬರೆಯುತ್ತಾರೆ. ನನಗೆ ಅಷ್ಟು ಓದಿಲ್ಲ. ನಾನೇ ಬರೆಸಿದ ಈ ಒಂದು ಸಾಲಿನ ವಿಮರ್ಶೆ ಮಾಡುತ್ತೇನೆ. ಅದು ತಪ್ಪು ಎಂದು ನನಗೆ ತಿಳಿಸಿಕೊಟ್ಟವಳು ಆರನೆಯ ಇಯತ್ತೆಯ ಒಬ್ಬ ಹುಡುಗಿ.

ಅದು 2022ರ ನವೆಂಬರ್ 1, ಕನ್ನಡ ರಾಜ್ಯೋತ್ಸವದ ಸಂಜೆ. ನಮ್ಮ ಅಂಕಲಗಿಯ ಶಾಲೆಯೊಂದರ ಅಂಗಳದಲ್ಲಿ ಮಕ್ಕಳ ಹಾಡು, ಕುಣಿತ ಮುಗಿದಿತ್ತು. ನೆತ್ತಿಗಿಂತ ಸ್ವಲ್ಪ ಕೆಳಗೆ, ದಕ್ಷಿಣದ ಕಡೆ, ಅರ್ಧ ಚಂದ್ರ. ಅದರ ಪಕ್ಕದಲ್ಲೇ ಶನಿ. ಯಾರೋ ಕಾಣಿಕೆ ಕೊಟ್ಟ ಒಂದು ದುರ್ಬೀನು ಕಪಾಟಿನಲ್ಲಿ ಬೀಗ ಹಾಕಿಸಿಕೊಂಡು ಕುಳಿತಿತ್ತು. ಧೈರ್ಯ ಮಾಡಿ ತೆಗೆಸಿದೆ. ಡಬ್ಬಿಯ ಮೇಲೆ 525 ಪಟ್ಟು ಎಂದು ದೊಡ್ಡ ಅಕ್ಷರದಲ್ಲಿ ಅಚ್ಚಾಗಿತ್ತು. ಅಂತೂ ಇಂತೂ ಶನಿಗೆ ಗುರಿ ಹಿಡಿದು, ಬಂದ ಅತಿಥಿಗಳನ್ನು ಸಾಲಾಗಿ ಕರೆದೆ. ಒಬ್ಬೊಬ್ಬರೇ ಬಗ್ಗಿ ನೋಡಿದರು. "ಛಲೋ ಕಂಡಿತ್ರಿ", "ಭಾಳ ಛಂದ ಐತ್ರಿ", "ಉಂಗುರ ಭಾರೀ ಐತ್ರಿ" ಎಂದರು. ಏಳು ಮಂದಿಯಾದ ಮೇಲೆ ಆ ಹುಡುಗಿಯ ಪಾಳಿ ಬಂತು. ಅವಳು ಕಣ್ಣಿಟ್ಟು ನೋಡಿದಳು, ಕಣ್ಣು ತಿಕ್ಕಿಕೊಂಡು ಮತ್ತೆ ನೋಡಿದಳು.

"ಏನೂ ಇಲ್ರಿ ಅಕ್ಕೋರ. ಬರೇ ಕತ್ತಲಿ ಐತ್ರಿ."

ಎಲ್ಲರೂ ನಕ್ಕರು. ನಾನು ಬಗ್ಗಿ ನೋಡಿದೆ. ಬರೇ ಕತ್ತಲೆಯೇ ಇತ್ತು.

ಆಮೇಲೆ ಲೆಕ್ಕ ಹಾಕಿದೆ. ಭೂಮಿ ತಿರುಗುತ್ತಿರುವುದರಿಂದ ಆಕಾಶ ನಾಲ್ಕು ಮಿನಿಟಿಗೆ ಒಂದು ಅಂಶದಷ್ಟು ಸರಿಯುತ್ತದೆ. ಎಪ್ಪತ್ತು ಪಟ್ಟು ಹಿಗ್ಗಿಸಿದಾಗ ದುರ್ಬೀನಿನಲ್ಲಿ ಕಾಣುವ ಆಕಾಶದ ತುಂಡು ಒಂದು ಅಂಶಕ್ಕೂ ಕಡಿಮೆ. ಮೂರು ಮಿನಿಟಿನೊಳಗೆ ಶನಿ ಅಲ್ಲಿಂದ ಜಾರಿ ಹೋಗಿದ್ದ. ಮೊದಲಿನ ಇಬ್ಬರು ಮೂವರು ನೋಡಿರಬೇಕು. ಉಳಿದವರು ಕತ್ತಲೆಯನ್ನು ನೋಡಿ ಛಂದ ಐತಿ ಅಂದಿದ್ದರು. ಅವರೇನು ಸುಳ್ಳುಗಾರರಲ್ಲ. ದೊಡ್ಡವರ ಮುಂದೆ, ಸಾಲಿನಲ್ಲಿ ನಿಂತಾಗ, ಕಾಣಲಿಲ್ಲ ಎನ್ನುವುದು ನಮಗೆ ಮರ್ಯಾದೆಯ ಪ್ರಶ್ನೆ.

ಕಡಿಮೆ ಹಿಗ್ಗಿಸುವ ಮಸೂರ ಹಾಕಿ ಶನಿಯನ್ನು ಮತ್ತೆ ಹುಡುಕಿದೆ. ಹುಡುಗಿಯನ್ನೇ ಮೊದಲು ಕರೆದೆ.

"ಈಗ ಐತ್ರಿ. ಕಾಳಿನಂಗ ಐತ್ರಿ. ಎರಡೂ ಕಡೆ ಕಿವಿ ಬಂದಾವ್ರಿ."

"ಉಂಗುರ ಕಾಣಸ್ಲಿಲ್ಲೇನವಾ?"

"ಉಂಗುರ ಇಲ್ರಿ. ಕಿವಿ ಅದಾವ್ರಿ."

1610ರಲ್ಲಿ ಗೆಲಿಲಿಯೋ ತನ್ನ ದುರ್ಬೀನಿನಿಂದ ಶನಿಯನ್ನು ನೋಡಿದಾಗ ಅವನಿಗೂ ಉಂಗುರ ಕಾಣಲಿಲ್ಲ. ನಡುವೆ ಒಂದು ದೊಡ್ಡ ಗ್ರಹ, ಎರಡು ಬದಿಗೆ ಎರಡು ಸಣ್ಣವು ಇವೆಯೆಂದು ತಿಳಿದ. 1612ರಲ್ಲಿ ಆ ಎರಡೂ ಮಾಯವಾದಾಗ ಗೊಂದಲಕ್ಕೆ ಬಿದ್ದ. ಉಂಗುರದ ಅಂಚು ನಮ್ಮ ಕಡೆಗೆ ನೇರವಾಗಿ ತಿರುಗಿದಾಗ ಅದು ಗೆರೆಯಷ್ಟು ತೆಳ್ಳಗಾಗಿ ಕಾಣದೆ ಹೋಗುತ್ತದೆ. 2025ರಲ್ಲೂ ಹಾಗೆಯೇ ಆಯಿತು. ಅದು ಉಂಗುರವೆಂದು ಹ್ಯೂಗೆನ್ಸ್ ಲೋಕಕ್ಕೆ ತಿಳಿಸಿದ್ದು 1659ರಲ್ಲಿ. ನಮ್ಮ ಹುಡುಗಿ ಪುಸ್ತಕದ ಚಿತ್ರವನ್ನು ನೋಡಿದ್ದರೂ ಚಿತ್ರದ ಮಾತು ಆಡಲಿಲ್ಲ, ಕಣ್ಣಿನ ಮಾತು ಆಡಿದಳು. ಇವಳಿಗೆ ನನ್ನ ಎರಡು ಮಾರ್ಕಿನ ಉತ್ತರ ಏನು ಕಲಿಸಿತ್ತು ಎಂದು ಆ ರಾತ್ರಿ ಯೋಚಿಸಿದೆ. ಏನೂ ಕಲಿಸಿರಲಿಲ್ಲ.

ಈಗ ಆ ಸಾಲನ್ನು ಒಂದೊಂದೇ ಮಾತಾಗಿ ತೆಗೆದುಕೊಳ್ಳೋಣ.

ಮೊದಲನೆಯದು "ಹತ್ತಿರಕ್ಕೆ ತಂದು". ನಮ್ಮ ಕಡೆಯ ದುರ್ಬೀನು ಎಂಬ ಮಾತಿನಲ್ಲೂ ಪುಸ್ತಕದ ದೂರದರ್ಶಕದಲ್ಲೂ ದೂರವೇ ಇದೆ. ಆದರೆ ದುರ್ಬೀನಿನ ಮೊದಲ ಕೆಲಸ ಬೆಳಕು ಕೂಡಿಸುವುದು. ಮಳೆ ಬರುವಾಗ ಅಂಗಳದಲ್ಲಿ ಒಂದು ತಂಬಿಗೆ ಇಡಿ, ಪಕ್ಕದಲ್ಲಿ ಒಂದು ಪರಾತ ಇಡಿ. ಒಂದೇ ಮಳೆ. ಪರಾತದಲ್ಲಿ ನೀರು ಹೆಚ್ಚು ಕೂಡುತ್ತದೆ, ಏಕೆಂದರೆ ಅದರ ಬಾಯಿ ಅಗಲ. ನಕ್ಷತ್ರದ ಬೆಳಕೂ ಮಳೆಯಂತೆ ನಮ್ಮ ಮೇಲೆ ಸುರಿಯುತ್ತಿದೆ. ಬಿಸಿಲಲ್ಲಿ ನಮ್ಮ ಕಣ್ಣಿನ ಪಾಪೆ ಸಾಸಿವೆ ಕಾಳಿನಷ್ಟು, ಒಳ್ಳೆಯ ಕತ್ತಲೆಯಲ್ಲಿ ಕಡಲೆಕಾಳಿನಷ್ಟು, ಸುಮಾರು 7 ಮಿಲಿಮೀಟರು. ವಯಸ್ಸಾದಂತೆ ಅದೂ ಕಡಿಮೆ. ನಮ್ಮ ಶಾಲೆಯ ದುರ್ಬೀನಿನ ಮುಂದಿನ ಮಸೂರದ ಅಗಲ 70 ಮಿಲಿಮೀಟರು. ಅಗಲ ಹತ್ತು ಪಟ್ಟು, ಬಾಯಿಯ ವಿಸ್ತಾರ ನೂರು ಪಟ್ಟು. ಬರಿಗಣ್ಣಿಗಿಂತ ನೂರು ಪಟ್ಟು ಬೆಳಕು ಅದರೊಳಗೆ ಕೂಡುತ್ತದೆ. ತಮಿಳುನಾಡಿನ ಕಾವಲೂರಿನಲ್ಲಿ ವೇಣು ಬಾಪು ಅವರ ಹೆಸರಿನ ದೊಡ್ಡ ದುರ್ಬೀನು 1986ರಿಂದ ಇದೆ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯದು. ಅದರ ಕನ್ನಡಿಯ ಅಗಲ 2.34 ಮೀಟರು. ಅದು ಕೂಡಿಸುವ ಬೆಳಕು ನಮ್ಮ ಕಣ್ಣಿನ ಒಂದು ಲಕ್ಷ ಪಟ್ಟಿಗೂ ಹೆಚ್ಚು. ಅಷ್ಟು ದೊಡ್ಡದಕ್ಕೆ ಗಾಜಿನ ಮಸೂರ ನಡೆಯುವುದಿಲ್ಲ. ಅಂಚಿನಲ್ಲಿ ಮಾತ್ರ ಹಿಡಿದು ನಿಲ್ಲಿಸಬೇಕಾದ ಮಸೂರ ತನ್ನ ಭಾರಕ್ಕೆ ತಾನೇ ಬಾಗುತ್ತದೆ. ಕನ್ನಡಿಗೆ ಬೆನ್ನ ಹಿಂದಿನಿಂದ ಆಸರೆ ಕೊಡಬಹುದು. ಕನ್ನಡಿಯ ದುರ್ಬೀನನ್ನು ನ್ಯೂಟನ್ ಮಾಡಿ ತೋರಿಸಿದ್ದು 1668ರಲ್ಲಿ.

ಹಿಗ್ಗಿಸುವುದು ಎರಡನೆಯ ಕೆಲಸ. ಮುಂದಿನ ದೊಡ್ಡ ಮಸೂರ ಕೂಡಿಸಿದ ಬೆಳಕು ಕೊಳವೆಯ ಹಿಂದಿನ ತುದಿಯ ಹತ್ತಿರ ಒಂದು ಪುಟ್ಟ ಬಿಂಬವಾಗುತ್ತದೆ, ತಲೆಕೆಳಗಾಗಿ. ಕಣ್ಣಿನ ಬದಿಯ ಸಣ್ಣ ಮಸೂರ, ಅಜ್ಜ ಪಂಚಾಂಗ ಓದಲು ಹಿಡಿಯುತ್ತಿದ್ದ ಭೂತಗನ್ನಡಿಯ ಹಾಗೆ, ಆ ಬಿಂಬವನ್ನು ದೊಡ್ಡದು ಮಾಡುತ್ತದೆ. ದೊಡ್ಡ ಮಸೂರದ ಸಂಗಮ ದೂರವನ್ನು ಸಣ್ಣದರ ಸಂಗಮ ದೂರದಿಂದ ಭಾಗಿಸಿದರೆ ಎಷ್ಟು ಪಟ್ಟು ಎಂಬುದು ಸಿಗುತ್ತದೆ. ನಮ್ಮದರ ಸಂಗಮ ದೂರ 700 ಮಿಲಿಮೀಟರು. 25ರ ಮಸೂರ ಹಾಕಿದರೆ 28 ಪಟ್ಟು, 10ರದು ಹಾಕಿದರೆ 70 ಪಟ್ಟು. ಹಾಗಾದರೆ ಡಬ್ಬಿಯ ಮೇಲಿನ 525 ಎಲ್ಲಿಂದ ಬಂತು? 4ರ ಮಸೂರ ಹಾಕಿ, ಅದಕ್ಕೆ ಮೂರು ಪಟ್ಟು ಮಾಡುವ ಇನ್ನೊಂದು ಗಾಜು ಸೇರಿಸಿದರೆ ಲೆಕ್ಕಕ್ಕೆ 525 ಆಗುತ್ತದೆ. ಕಣ್ಣಿಗೆ ಆಗುವುದಿಲ್ಲ. ಹೋಳಿಗೆಯ ಒಂದೇ ಉಂಡೆಯನ್ನು ಲಟ್ಟಿಸುತ್ತ ಲಟ್ಟಿಸುತ್ತ ಹೋದರೆ ಪರಾತದಷ್ಟು ಅಗಲವಾದೀತು, ಆದರೆ ಹರಿದು ಹೂರಣ ಹೊರಬೀಳುತ್ತದೆ. ಕೂಡಿಸಿದ ಬೆಳಕು ಇಷ್ಟೇ. ಅದನ್ನು ಹೆಚ್ಚು ಹಿಗ್ಗಿಸಿದಷ್ಟೂ ಬಿಂಬ ಮಂಕಾಗುತ್ತದೆ, ಕದಡುತ್ತದೆ. ಮಸೂರದ ಅಗಲ ಎಷ್ಟು ಮಿಲಿಮೀಟರೋ ಅದರ ಎರಡರಷ್ಟು ಪಟ್ಟು, ಅಂದರೆ ನಮ್ಮದಕ್ಕೆ 140, ಅದೇ ಕಡೆಯ ಮಿತಿ. ಮಗನಿಗೋ ಮಗಳಿಗೋ ದುರ್ಬೀನು ಕೊಳ್ಳಲು ಹೋದಾಗ ಅಂಗಡಿಯವನು ಎಷ್ಟು ಪಟ್ಟು ಎಂದು ಹೇಳಿದರೆ, ಬಾಯಿ ಎಷ್ಟು ಅಗಲ ಎಂದು ಕೇಳಿ. ಕಾಲು ಅಲುಗಾಡುತ್ತದೆಯೇ ಎಂದೂ ನೋಡಿ. ಅಲುಗಾಡುವ ಕಾಲಿನ ಮೇಲೆ ಎಂಥ ಮಸೂರವೂ ವ್ಯರ್ಥ.

ಇನ್ನು ನಕ್ಷತ್ರಗಳನ್ನಂತೂ ಇಂಥ ದುರ್ಬೀನು ಹತ್ತಿರ ತರುವುದೇ ಇಲ್ಲ. ಅವು ಅಷ್ಟು ದೂರ, ಎಷ್ಟು ಪಟ್ಟು ಮಾಡಿದರೂ ಚುಕ್ಕೆಯಾಗಿಯೇ ಉಳಿಯುತ್ತವೆ. ಚುಕ್ಕೆ ಹೆಚ್ಚು ಬೆಳಗುತ್ತದೆ, ಮೊದಲು ಕಾಣದ ಚುಕ್ಕೆಗಳು ಕಾಣುತ್ತವೆ. ಕೃತ್ತಿಕೆಯಲ್ಲಿ ಬರಿಗಣ್ಣಿಗೆ ಆರು ಎಣಿಸಿದವರು ದುರ್ಬೀನಿನಲ್ಲಿ ಹತ್ತಾರು ಎಣಿಸಬಹುದು. ಹತ್ತಿರ ಬರುವುದಕ್ಕಿಂತ ಇದು ದೊಡ್ಡ ಮಾತಲ್ಲವೇ?

ಎರಡನೆಯದು "ತೋರಿಸುವ". ಉಪಕರಣ ತೋರಿಸುವುದಿಲ್ಲ, ಕಣ್ಣು ನೋಡಬೇಕು. ದೀಪದ ಬೆಳಕಿನಿಂದ ಹೊರಗೆ ಬಂದ ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು ಇಪ್ಪತ್ತರಿಂದ ಮೂವತ್ತು ಮಿನಿಟು ಬೇಕು. ನಡುವೆ ಒಮ್ಮೆ ಮೊಬೈಲು ನೋಡಿದರೆ ಮತ್ತೆ ಮೊದಲಿನಿಂದ ಶುರು. ಬ್ಯಾಟರಿಗೆ ಕೆಂಪು ಬಟ್ಟೆ ಕಟ್ಟಿದರೆ ಅಷ್ಟು ಕೆಡುವುದಿಲ್ಲ. ಮಸುಕಾದದ್ದನ್ನು ನೇರವಾಗಿ ದಿಟ್ಟಿಸಬಾರದು, ಸ್ವಲ್ಪ ಪಕ್ಕಕ್ಕೆ ನೋಡಬೇಕು. ಆಗ ಕಣ್ಣಂಚಿಗೆ ಅದು ಕಾಣುತ್ತದೆ. ಚಂದ್ರನನ್ನು ಹುಣ್ಣಿಮೆಗೆ ನೋಡಿದರೆ ಬರೀ ಬೆಳ್ಳಿ ತಟ್ಟೆ. ಶುದ್ಧ ಅಷ್ಟಮಿಯ ಆಸುಪಾಸು ನೋಡಿದರೆ ಬೆಳಕು ಕತ್ತಲೆ ಕೂಡುವ ಅಂಚಿನಲ್ಲಿ ಕುಣಿಗಳೂ ಬೆಟ್ಟಗಳೂ ನೆರಳು ಚೆಲ್ಲಿಕೊಂಡು ಎದ್ದು ನಿಲ್ಲುತ್ತವೆ. ಇದನ್ನು ನಾನು ಯಾವ ಮಗುವಿಗೂ ಬರೆಸಲಿಲ್ಲ. ನನಗೇ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನುವುದೂ ಗೊತ್ತಿರಲಿಲ್ಲ.

ಕಾಣದೆ ಕಂಡೆ ಅನ್ನುವ ಈ ಅಭ್ಯಾಸ ನನಗೆ ಶಾಲೆಯಲ್ಲಿ ಬಂದದ್ದಲ್ಲ. ನನ್ನ ಮದುವೆ ಮಧ್ಯಾಹ್ನದ ಮುಹೂರ್ತದಲ್ಲಿ ಆಯಿತು. ಶಾಸ್ತ್ರ ಹೇಳುವವರು ಹಂದರದ ಕಡೆ ಬೊಟ್ಟು ಮಾಡಿ ಅರುಂಧತಿ ನಕ್ಷತ್ರ ಕಂಡಿತೇನವ್ವಾ ಎಂದರು. ಕಂಡಿತ್ರಿ ಎಂದೆ. ಇದನ್ನು ಓದುತ್ತಿರುವ ನಿಮ್ಮಲ್ಲಿ ಎಷ್ಟು ಜನ ಹಾಗೆ ಹೇಳಿದ್ದೀರಿ, ನಿಮಗೇ ಗೊತ್ತು. ಅರುಂಧತಿಯನ್ನು ನಾನು ನಿಜವಾಗಿ ಕಂಡದ್ದು ನನ್ನ ಐವತ್ತು ದಾಟಿದ ಮೇಲೆ, ಒಂದು ಎಪ್ರಿಲ್ ತಿಂಗಳ ರಾತ್ರಿ, ನಮ್ಮ ಮನೆಯ ಮಾಳಿಗೆಯ ಮೇಲೆ. ಉತ್ತರಕ್ಕೆ ಸಪ್ತರ್ಷಿ ಮಂಡಲ, ಅದರ ಬಾಲದ ನಡುವಿನ ನಕ್ಷತ್ರ ವಸಿಷ್ಠ, ಅದಕ್ಕೆ ಅಂಟಿಕೊಂಡಂತೆ ಸಣ್ಣಗೆ ಅರುಂಧತಿ. ಬರಿಗಣ್ಣಿಗೇ ಕಾಣುತ್ತದೆ. ದುರ್ಬೀನು ಹಿಡಿದಾಗ ಇನ್ನೊಂದು ಬೆರಗು: ವಸಿಷ್ಠವೇ ಒಡೆದು ಎರಡು ನಕ್ಷತ್ರವಾಯಿತು. ಪಕ್ಕದ ಮನೆಯ ಕಾಕಿ ನೋಡಿ, "ಅಯ್ಯ, ವಸಿಷ್ಠಗ ಇನ್ನೊಬ್ಬಾಕಿ ಅದಾಳಲ್ಲವಾ! ನಮಗ ಯಾರೂ ಹೇಳೇ ಇಲ್ಲಲ್ಲ!" ಎಂದರು. 1617ರಲ್ಲೇ ಗೆಲಿಲಿಯೋನ ಶಿಷ್ಯ ಕ್ಯಾಸ್ಟೆಲಿ ಈ ಜೋಡಿಯನ್ನು ಗಮನಿಸಿದ್ದ. ನಾಲ್ಕು ನೂರು ವರ್ಷದ ಹಳೆಯ ಸುದ್ದಿ ನಮ್ಮ ಓಣಿಗೆ ಅಂದು ಬಂತು.

ಇಲ್ಲಿಂದ ಆ ಸಾಲಿನ ಮೂರನೆಯ ತಪ್ಪಿಗೆ ಬರುತ್ತೇನೆ. ಅದು ಸಾಲಿನಲ್ಲಿ ಇಲ್ಲದ ಮಾತು. ತೋರಿಸುವ ಎಂದರೆ ಯಾರಿಗೆ?

1980ರ ಫೆಬ್ರುವರಿ 16ರಂದು ನಾನು ಮೂರನೆಯ ಇಯತ್ತೆಯ ಹುಡುಗಿ. ಅಂದು ಮಧ್ಯಾಹ್ನ ಖಗ್ರಾಸ ಸೂರ್ಯಗ್ರಹಣದ ನೆರಳು ನಮ್ಮ ರಾಜ್ಯದ ಮೇಲೆ ಹಾಯ್ದು ಹೋಯಿತು. ಹುಬ್ಬಳ್ಳಿ, ರಾಯಚೂರುಗಳ ಕಡೆ ವಿಜ್ಞಾನಿಗಳು ಬಂದು ಬಿಡಾರ ಹೂಡಿದ್ದರು. ನಮ್ಮಲ್ಲೂ ಸೂರ್ಯನ ಬಹುಭಾಗ ಮುಚ್ಚಿತ್ತು. ನಾನು ಅದನ್ನು ನೋಡಲಿಲ್ಲ. ಅವ್ವ ನೀರಿನ ಕೊಡಕ್ಕೆ ಗರಿಕೆ ಹಾಕಿ, ಬಸುರಿ ಅಕ್ಕನನ್ನೂ ನನ್ನನ್ನೂ ಒಳಕೋಣೆಯಲ್ಲಿ ಕೂಡಿಸಿ ಬಾಗಿಲು ಹಾಕಿದಳು. ಸಂದಿಯಿಂದ ಬರುವ ಬಿಸಿಲಿನ ಗೆರೆ ಮಂಕಾದದ್ದು ಮಾತ್ರ ಕಂಡಿತು. ಅವ್ವನ ಹೆದರಿಕೆಯಲ್ಲಿ ಒಂದು ಪಾಲು ನಿಜವಿತ್ತು. ಸೂರ್ಯನನ್ನು ಬರಿಗಣ್ಣಿಂದ ನೋಡಿದರೆ ಕಣ್ಣು ಹೋಗುತ್ತದೆ. ಸರಿಯಾದ ಸೂರ್ಯಶೋಧಕ ಮುಂದೆ ಕಟ್ಟದ ದುರ್ಬೀನಿನಿಂದಂತೂ ಕ್ಷಣದಲ್ಲಿ ಸುಟ್ಟು ಹೋಗುತ್ತದೆ. ಇದನ್ನು ಎಷ್ಟು ಸಲ ಹೇಳಿದರೂ ಸಾಲದು. ಆದರೆ ಆ ಕತ್ತಲೆ ಕೋಣೆಯ ಪಡುವಣ ಕಿಟಕಿಯಲ್ಲಿ ಸೂಜಿಯಷ್ಟು ತೂತಿದ್ದಿದ್ದರೆ ಎದುರಿನ ಗೋಡೆಯ ಮೇಲೆ ರೂಪಾಯಿಯಷ್ಟು ಅಗಲದ ಸೂರ್ಯ ಮೂಡಿ, ಚಂದ್ರನ ಕೊರೆಯಂತೆ ಕರಗುವುದನ್ನು ನಾವು ಮೂವರೂ ಯಾವ ಅಪಾಯವೂ ಇಲ್ಲದೆ ನೋಡಬಹುದಿತ್ತು. ಮುಚ್ಚಿದ ಕೋಣೆಗೆ ಒಂದು ತೂತು ಸಾಕಿತ್ತು. ಅದನ್ನು ಹೇಳುವವರು ಇರಲಿಲ್ಲ. 2022ರ ಅಕ್ಟೋಬರ್ 25ರಂದು, ದೀಪಾವಳಿಯ ಅಮಾವಾಸ್ಯೆಯ ಸಂಜೆ, ಮುಳುಗುವ ಸೂರ್ಯನಿಗೆ ಪಾರ್ಶ್ವ ಗ್ರಹಣ ಹಿಡಿದಾಗ ನಾನು ರಟ್ಟಿಗೆ ತೂತು ಮಾಡಿ ಗೋಡೆಯ ಮೇಲೆ ನೋಡಿದೆ. ಓಣಿಯ ಬಾಗಿಲುಗಳು ಆ ಹೊತ್ತಿಗೆ ಮುಚ್ಚಿದ್ದವು.

ಆಕಾಶದ ಪುಸ್ತಕಗಳಲ್ಲೂ ಇದೇ ಕೊರತೆ ನನಗೆ ಕಾಣುತ್ತದೆ. ಆರ್.ಎಲ್. ನರಸಿಂಹಯ್ಯ, ಜಿ.ಟಿ. ನಾರಾಯಣರಾವ್ ಅವರಂಥ ಹಿರಿಯರು ನಕ್ಷತ್ರಗಳನ್ನು ಕನ್ನಡಕ್ಕೆ ತಂದರು. ಅವರ ಋಣ ದೊಡ್ಡದು. ಆದರೆ ಈ ಬಗೆಯ ಬರಹಗಳನ್ನು ಒಟ್ಟಾಗಿ ಓದಿದಾಗ, ಊರ ಹೊರಗಿನ ಬಯಲಿಗೆ ಹೋಗಿ, ನಡುರಾತ್ರಿಯವರೆಗೆ ಕಾಯಿರಿ, ಬೆಳಗಿನ ಜಾವ ಮೂರಕ್ಕೆ ಎದ್ದು ಹೊರಬನ್ನಿ ಎಂಬಂಥ ಸಲಹೆಗಳು ಮತ್ತೆ ಮತ್ತೆ ಬರುತ್ತವೆ. ಯಾರಿಗೆ ಹೇಳುತ್ತಿದ್ದಾರೆ? ಸಂಜೆ ಏಳಕ್ಕೆ ಮನೆ ಸೇರಬೇಕಾದ ಹುಡುಗಿಗೆ ಬಯಲೆಲ್ಲಿ? ಅಡಿಗೆ, ಊಟ, ಪಾತ್ರೆ ಮುಗಿಸಿದ ಹೆಂಗಸಿಗೆ ನಡುರಾತ್ರಿ ಎಲ್ಲಿ? ಓದುವವಳೂ ಒಬ್ಬಳಿದ್ದಾಳೆ ಎಂದು ನೆನಪಿಟ್ಟು ಬರೆದಿದ್ದರೆ ಆ ಪುಟಗಳು ಬೇರೆಯಾಗುತ್ತಿದ್ದವು.

ಕ್ಯಾರೊಲಿನ್ ಹರ್ಷೆಲ್ ಎಂಬ ಹೆಂಗಸಿನ ಕಥೆಯನ್ನೂ ಸಾಮಾನ್ಯವಾಗಿ ಅಣ್ಣನ ಕಥೆಯ ನೆರಳಿನಲ್ಲೇ ಹೇಳುತ್ತಾರೆ. 1781ರಲ್ಲಿ ಯುರೇನಸ್ ಕಂಡುಹಿಡಿದ ವಿಲಿಯಂ ಹರ್ಷೆಲ್ ಗಂಟೆಗಟ್ಟಲೆ ಕನ್ನಡಿ ತಿಕ್ಕುತ್ತಿದ್ದಾಗ, ಅವನು ಕೈ ತೆಗೆಯುವಂತಿಲ್ಲವೆಂದು ತಂಗಿ ಬಾಯಿಗೆ ತುತ್ತು ಇಡುತ್ತಿದ್ದಳು. ಅವಳು ತನ್ನ ಮೊದಲ ಧೂಮಕೇತುವನ್ನು ಕಂಡದ್ದು 1786ರ ಆಗಸ್ಟ್ 1ರಂದು. ಅಣ್ಣ ಅಂದು ಊರಲ್ಲಿರಲಿಲ್ಲ! ದುರ್ಬೀನು ಅವಳ ಕೈಗೆ ಬಿಡುವಾಗಿ ಸಿಕ್ಕಿತ್ತು. ಒಟ್ಟು ಎಂಟು ಧೂಮಕೇತು ಹುಡುಕಿದಳು. 1787ರಲ್ಲಿ ಅರಸನಿಂದ ವರ್ಷಕ್ಕೆ 50 ಪೌಂಡು ಸಂಬಳ ಪಡೆದಳು, 1828ರಲ್ಲಿ ರಾಯಲ್ ಅಸ್ಟ್ರೊನಾಮಿಕಲ್ ಸೊಸೈಟಿಯ ಬಂಗಾರದ ಪದಕ ಪಡೆದಳು. ತುತ್ತು ಇಟ್ಟದ್ದನ್ನು ನಾವು ಹಾಡಿ ಹೊಗಳುತ್ತೇವೆ. ನನ್ನ ಮನಸ್ಸು ಅಣ್ಣ ಊರಲ್ಲಿಲ್ಲದ ಆ ರಾತ್ರಿಯ ಕಡೆಗೆ ಹೋಗುತ್ತದೆ.

ಬಯಲು ಬೇಡ, ಮಾಳಿಗೆ ಸಾಕು. ಊಟದ ನಂತರದ ಅರ್ಧ ತಾಸು ಸಾಕು. ದುರ್ಬೀನಿಗಿಂತ ಮೊದಲು ಬರಿಗಣ್ಣು ಸಾಕು. ಕೈಯನ್ನು ನೀಳವಾಗಿ ಚಾಚಿ ಮುಷ್ಟಿ ಹಿಡಿದರೆ ಆಕಾಶದಲ್ಲಿ ಅದರ ಅಗಲ ಸುಮಾರು ಹತ್ತು ಅಂಶ. ನಮ್ಮ ಅಂಕಲಗಿ ಭೂಮಧ್ಯರೇಖೆಯಿಂದ ಸುಮಾರು 16 ಅಂಶ ಉತ್ತರಕ್ಕಿದೆ. ಆದ್ದರಿಂದ ಧ್ರುವ ನಕ್ಷತ್ರ ಉತ್ತರದ ಅಂಚಿನಿಂದ ಒಂದೂವರೆ ಮುಷ್ಟಿಯಷ್ಟೇ ಮೇಲೆ. ಗಿಡಮರ, ಮನೆಗಳ ಮರೆಯಲ್ಲಿ ಎಷ್ಟೋ ಜನಕ್ಕೆ ಅದು ಸಿಕ್ಕಿಲ್ಲ. ಆದರೆ ನಮಗೆ ಒಂದು ಭಾಗ್ಯವಿದೆ. ಎಪ್ರಿಲ್, ಮೇ ತಿಂಗಳ ರಾತ್ರಿ ದಕ್ಷಿಣದ ಅಂಚಿನ ಮೇಲೆ ತ್ರಿಶಂಕುವೂ ನಮಗೆ ಕಾಣುತ್ತದೆ. ಧ್ರುವನನ್ನೂ ತ್ರಿಶಂಕುವನ್ನೂ ಒಂದೇ ಮಾಳಿಗೆಯಿಂದ ನೋಡುವ ಭಾಗ್ಯ ಲಂಡನ್ನಿನವರಿಗೂ ಇಲ್ಲ, ಸಿಡ್ನಿಯವರಿಗೂ ಇಲ್ಲ. ಕಬ್ಬಿನ ಹಂಗಾಮಿನಲ್ಲಿ ರವದಿ ಸುಡುವ ಹೊಗೆ ಅಡ್ಡ ಬರುತ್ತದೆ, ಮಳೆಗಾಲದಲ್ಲಿ ಮೋಡ. ಉಳಿದ ರಾತ್ರಿಗಳು ನಮ್ಮವು.

ಈಗ ಅಷ್ಟಮಿಯ ಆಸುಪಾಸು ಶಾಲೆಯ ಅಂಗಳದಲ್ಲಿ ದುರ್ಬೀನು ಇಡುತ್ತೇವೆ. ಎಂಟು ಗಂಟೆಗೆ ಮುಗಿಸುತ್ತೇವೆ. ಹುಡುಗಿಯರ ಜೊತೆ ತಾಯಂದಿರನ್ನೂ ಕರೆಯುತ್ತೇವೆ. ನೋಡಿದವರು ಅಲ್ಲಿರುವ ಒಂದು ವಹಿಯಲ್ಲಿ ತಾವು ಕಂಡದ್ದನ್ನು ಬರೆಯಬೇಕು, ಕಾಣದಿದ್ದರೆ ಕಾಣಲಿಲ್ಲ ಎಂದು ಬರೆಯಬೇಕು. ಪುಸ್ತಕದ ಮಾತು ಬರೆಯುವಂತಿಲ್ಲ. ಮೊದಲ ಪುಟದಲ್ಲಿ ಆ ಹುಡುಗಿಯ ಕೈಬರಹದಲ್ಲಿ "ಮೊದಲು ಕತ್ತಲಿ. ಆಮ್ಯಾಲೆ ಕಿವಿ" ಎಂದಿದೆ. ಹೋದ ಸಲ ಒಬ್ಬ ತಾಯಿ ಬಂದಿದ್ದರು. ಬಹಳ ದಿನದ ಮೇಲೆ ಪೆನ್ನು ಹಿಡಿದೆ ಅಕ್ಕೋರ ಎನ್ನುತ್ತ ನಿಧಾನವಾಗಿ ಬರೆದರು: "ಚಂದ್ರಾಮನ ಮ್ಯಾಲೆ ಕುಣಿ ಕಂಡ್ವು. ಶನಿ ನೋಡಬೇಕಂತ ಬಂದಿದ್ದೆ. ಮೋಡ ಇತ್ತು, ಕಾಣಲಿಲ್ಲ. ಮತ್ತ ಬರ್ತೀನಿ."